56 ಹಲ್ಲು ದಾಟಿದ ಚೈನ್‌ರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸೈಕಲ್‌ಗೆ 58 ಅಥವಾ 60 ಹಲ್ಲಿನ ಚೈನ್‌ರಿಂಗ್ (ಪೆಡಲ್ ಕಡೆಯ ಹಲ್ಲಿನ ತಟ್ಟೆ) ಬೇಕು. ಎಲ್ಲಿ ಸಿಗುತ್ತದೆ?

ಸಿಗುವ ಜಾಗಗಳ ವಿವರ ಕೆಳಗಿದೆ. ಆದರೆ ಕೊಳ್ಳುವ ಮೊದಲು ಎರಡು ಲೆಕ್ಕ ಆಗಬೇಕು: ಅಷ್ಟು ಎತ್ತರದ ಗೇರು ನಿಜಕ್ಕೂ ಬೇಕೇ, ಮತ್ತು ಆ ರಿಂಗು ನಿಮ್ಮ ಫ್ರೇಮಿನಲ್ಲಿ ಕೂರುತ್ತದೆಯೇ. ಹಲವರು ಈ ಎರಡನ್ನೂ ಬಿಟ್ಟು ನೇರವಾಗಿ ಹಣ ಕೊಡುತ್ತಾರೆ. ಪಾರ್ಸೆಲ್ ಬಂದ ಮೇಲೆ ರಿಂಗು ಚೈನ್‌ಸ್ಟೇಗೆ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ತಾಗುವುದು ಗೊತ್ತಾಗುತ್ತದೆ.

ಗೇರಿನ ಎತ್ತರವನ್ನು ಲೆಕ್ಕ ಹಾಕುವುದು ಹೇಗೆ?

ಪೆಡಲ್ ಒಂದು ಪೂರ್ತಿ ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಎಂಬುದೇ ಅಳತೆ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಚಕ್ರದ ಸುತ್ತಳತೆಯಿಂದ ಗುಣಿಸಿ. 700×25 ಟೈರಿನ ಸುತ್ತಳತೆ ಸುಮಾರು 2.105 ಮೀಟರ್. ಬಂದ ಉತ್ತರವನ್ನು ಕೇಡೆನ್ಸ್‌ನಿಂದ (ನಿಮಿಷಕ್ಕೆ ತುಳಿಯುವ ಸುತ್ತು), ಮತ್ತೆ 0.06ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ.

ನಿಮಿಷಕ್ಕೆ 90 ಸುತ್ತು ತುಳಿದರೆ ಹೀಗೆ (ಮೊದಲ ಸಂಖ್ಯೆ ಮುಂದಿನ ಹಲ್ಲು, ಎರಡನೆಯದು ಹಿಂದಿನದು):

50×11: ಒಂದು ಸುತ್ತಿಗೆ 9.57 ಮೀ., ವೇಗ 51.7 ಕಿ.ಮೀ.
53×11: 10.14 ಮೀ., 54.8 ಕಿ.ಮೀ.
50×10: 10.53 ಮೀ., 56.8 ಕಿ.ಮೀ.
56×11: 10.72 ಮೀ., 57.9 ಕಿ.ಮೀ.
60×11: 11.48 ಮೀ., 62 ಕಿ.ಮೀ.

ಮೂರನೇ ಸಾಲನ್ನು ಇನ್ನೊಮ್ಮೆ ನೋಡಿ. ಹಿಂದೆ ಒಂದೇ ಒಂದು ಹಲ್ಲು ಕಡಿಮೆ ಮಾಡಿದರೆ, ಮುಂದೆ ಐದು ಹಲ್ಲು ಏರಿಸಿದಷ್ಟು ಗೇರು ಎತ್ತರವಾಗುತ್ತದೆ.

ಇಳಿಜಾರಿನಲ್ಲಿ 53×11 ಸಾಲುತ್ತಿಲ್ಲ, ಕಾಲು ಸುಮ್ಮನೆ ತಿರುಗುತ್ತದೆ. ದೊಡ್ಡ ರಿಂಗ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ಬಹುತೇಕ ಇಲ್ಲ. ಸವಾರ ಮತ್ತು ಸೈಕಲ್ ಸೇರಿ 85 ಕೆ.ಜಿ. ಇದ್ದು, 7 ಪ್ರತಿಶತದ ನೇರ ಇಳಿಜಾರಿನಲ್ಲಿ ಬಗ್ಗಿ ಕೂತು ತುಳಿಯದೇ ಬಂದರೂ ವೇಗ ಗಂಟೆಗೆ 60 ಕಿ.ಮೀ. ದಾಟುತ್ತದೆ. ಅಲ್ಲಿಂದ ಮುಂದೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಕಾಲಿನಿಂದ ಇನ್ನೂರು ವಾಟ್ ಸೇರಿಸಿದರೂ ಸಿಗುವುದು ಕೆಲವೇ ಕಿ.ಮೀ. ಹ್ಯಾಂಡಲ್‌ನ ಕೆಳಭಾಗ ಹಿಡಿದು, ಮೊಣಕೈ ಒಳಗೆ ತಂದು, ಮಂಡಿಗಳನ್ನು ಫ್ರೇಮಿಗೆ ಒತ್ತಿ ಕೂತರೆ ಅದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಬಿಟ್ಟಿಯಾಗಿ. ನಂದಿ ಬೆಟ್ಟದಂಥ ತಿರುವುಗಳ ಇಳಿಜಾರಿನಲ್ಲಂತೂ ವೇಗವನ್ನು ನಿರ್ಧರಿಸುವುದು ಬ್ರೇಕು, ಗೇರಲ್ಲ.

ಸಮತಟ್ಟಿನ ಲೆಕ್ಕವೂ ಕೇಳಿ. ಸಾಮಾನ್ಯ ರೋಡ್ ಸೈಕಲ್ ಮೇಲೆ ಬಗ್ಗಿ ಕೂತವನಿಗೆ, ಗಾಳಿ ಬೀಸದ ದಿನ, ಸಮುದ್ರಮಟ್ಟದಲ್ಲಿ 45 ಕಿ.ಮೀ. ವೇಗ ಕಾಯಲು 400 ವಾಟ್ ಆಸುಪಾಸು ಬೇಕು. 60 ಕಿ.ಮೀ.ಗೆ 900 ವಾಟ್ ದಾಟುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ಹತ್ತನೇ ಒಂದು ಭಾಗ ತೆಳು. ಹಾಗಾಗಿ ಲೆಕ್ಕ ಸ್ವಲ್ಪ ಇಳಿಯುತ್ತದೆ, ಆದರೆ 53×11ನ್ನು 90ರ ಕೇಡೆನ್ಸ್‌ನಲ್ಲಿ ಒಬ್ಬಂಟಿಯಾಗಿ ಬಹಳ ಹೊತ್ತು ತಿರುಗಿಸುವಷ್ಟು ಸಾಮಾನ್ಯ ಸವಾರರಿಗೆ ಇಳಿಯುವುದಿಲ್ಲ. ಕೇಡೆನ್ಸನ್ನು 90ರಿಂದ 110ಕ್ಕೆ ಏರಿಸಲು ಅಭ್ಯಾಸ ಮಾಡಿದರೆ ಅದೇ 53×11 ಗಂಟೆಗೆ 66 ಕಿ.ಮೀ. ದಾಟಿಸುತ್ತದೆ.

ಹಾಗಿದ್ದರೆ ದೊಡ್ಡ ರಿಂಗ್ ಯಾರಿಗೆ ಬೇಕು?

ಮೂರು ಬಗೆಯವರಿಗೆ. ಚಿಕ್ಕ ಚಕ್ರದ ಸೈಕಲ್ ಇರುವವರಿಗೆ ಅದು ನಿಜವಾದ ಅಗತ್ಯ. ಟೈಮ್ ಟ್ರಯಲ್ ಮತ್ತು ಟ್ರ್ಯಾಕ್ ಸವಾರರಿಗೆ ಬೇರೆಯದೇ ಕಾರಣವಿದೆ, ಮುಂದಿನ ಉತ್ತರ ನೋಡಿ. ಇನ್ನು ವಾಹನದ ಹಿಂದೆ ಗಾಳಿಮರೆಯಲ್ಲಿ ಓಡುವವರು ಮತ್ತು ಪೂರ್ತಿ ಕವಚ ಹೊದ್ದ ರಿಕಂಬೆಂಟ್ (ಒರಗಿ ಕೂತು ತುಳಿಯುವ ಸೈಕಲ್) ಓಡಿಸುವವರು.

ಇಟಲಿಯ ಸವಾರ ಫಿಲಿಪ್ಪೊ ಗಾನ್ನಾ 65 ಹಲ್ಲಿನ ರಿಂಗ್ ಹಾಕಿದ್ದರಲ್ಲ? ಅದು ಎತ್ತರದ ಗೇರಲ್ಲವೇ?

ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುವುದು. 2022ರ ಅಕ್ಟೋಬರ್ 8ರಂದು ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ ಗಾನ್ನಾ ಒಂದು ಗಂಟೆಯಲ್ಲಿ 56.792 ಕಿ.ಮೀ. ಓಡಿಸಿದಾಗ ಗೇರು 65×14 ಇತ್ತು. ಭಾಗಿಸಿ ನೋಡಿ: 4.64. ಅಂಗಡಿಯ ಸಾಮಾನ್ಯ ರೋಡ್ ಸೈಕಲ್‌ನ 53×11 ಎಂದರೆ 4.82. ಅಂದರೆ ಗಾನ್ನಾ ಅವರ ದೈತ್ಯ ರಿಂಗಿನ ಗೇರು ಇದಕ್ಕಿಂತ ತಗ್ಗಿನದು. ಅವರು ತುಳಿದದ್ದು ನಿಮಿಷಕ್ಕೆ ಸುಮಾರು 97 ಸುತ್ತು.

ದೊಡ್ಡ ರಿಂಗ್ ಹಾಕಿದ್ದು ಹಿಂದೆಯೂ ದೊಡ್ಡ ಕಾಗ್ (ಹಿಂದಿನ ಚಕ್ರದ ಹಲ್ಲಿನ ತಟ್ಟೆ) ಹಾಕಲು. ಚೈನಿನ ಪ್ರತಿ ಕೊಂಡಿ ಕಾಗಿಗೆ ಹತ್ತುವಾಗ ಮತ್ತು ಇಳಿಯುವಾಗ ಮಡಚಿಕೊಳ್ಳಬೇಕು. 11 ಹಲ್ಲಿನ ಕಾಗಿನ ಮೇಲೆ ಆ ಮಡಚು 32.7 ಡಿಗ್ರಿ, 14ರ ಮೇಲೆ 25.7 ಡಿಗ್ರಿ. ಮಡಚು ಕಡಿಮೆಯಾದಷ್ಟೂ ಪಿನ್ನಿನ ಉಜ್ಜಾಟ ಕಡಿಮೆ. ರಿಂಗಿನ ವ್ಯಾಸ ದೊಡ್ಡದಾದರೆ ಅದೇ ತುಳಿತಕ್ಕೆ ಚೈನಿನ ಎಳೆತವೂ ಕಡಿಮೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ತಂಡ ನಡೆಸಿ 2001ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಚೈನಿನ ದಕ್ಷತೆ 81ರಿಂದ 98.6 ಪ್ರತಿಶತದವರೆಗೆ ಇತ್ತು. ಕಾಗ್ ದೊಡ್ಡದಾದಷ್ಟೂ ದಕ್ಷತೆ ಮೇಲೇರಿತು. ಉಳಿಯುವುದು ಒಂದೆರಡು ವಾಟ್. ಗಂಟೆಯ ದಾಖಲೆಗೆ ಅದು ದೊಡ್ಡದು, ಭಾನುವಾರದ ಸವಾರಿಗೆ ಚೈನ್ ತೊಳೆದು ಎಣ್ಣೆ ಹಾಕಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಹೋಲಿಕೆಗೆ: 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಎಡ್ಡಿ ಮರ್ಕ್ಸ್ 49.431 ಕಿ.ಮೀ. ಓಡಿಸಿದ್ದು 52×14ರಲ್ಲಿ. 2015ರಲ್ಲಿ ಬ್ರಾಡ್ಲಿ ವಿಗ್ಗಿನ್ಸ್ 54.526 ಕಿ.ಮೀ.ಗೆ ಬಳಸಿದ್ದು 58×14.

ಚಿಕ್ಕ ಚಕ್ರದ ಸೈಕಲ್‌ಗೆ ಎಷ್ಟು ಹಲ್ಲು ಬೇಕು?

20 ಇಂಚಿನ, 406 ಅಳತೆಯ ರಿಮ್ಮಿಗೆ 1.75 ಟೈರ್ ಹಾಕಿದರೆ ಸುತ್ತಳತೆ ಸುಮಾರು 1.515 ಮೀ. ಅದರಲ್ಲಿ 52×11 ಎಂದರೆ 7.16 ಮೀ., 90ರ ಕೇಡೆನ್ಸ್‌ಗೆ 38.7 ಕಿ.ಮೀ. ಸಮತಟ್ಟು ರಸ್ತೆಯಲ್ಲಿ ಗುಂಪಿನ ಜೊತೆ ಹೋಗುವವರಿಗೆ ಇದು ನಿಜಕ್ಕೂ ಸಾಲದು. 60×11 ಹಾಕಿದರೆ 8.26 ಮೀ., 44.6 ಕಿ.ಮೀ. ಹೆಚ್ಚಿನವರಿಗೆ ಇಷ್ಟು ಸಾಕು. ದೊಡ್ಡ ಚಕ್ರದ 53×11ಕ್ಕೆ ಸರಿಸಮ ಬೇಕೇಬೇಕೆಂದರೆ ಮುಂದೆ 74 ಹಲ್ಲು ಬೇಕಾಗುತ್ತದೆ. ಆ ದಾರಿ ಹಿಡಿಯಬೇಡಿ. 9 ಅಥವಾ 10 ಹಲ್ಲಿನ ಕಾಗ್, ಇಲ್ಲವೇ ಕೆಳಗೆ ಹೇಳಿದ ಒಳಗೇರು ಸೇರಿಸಿ.

16 ಇಂಚಿನ 349 ರಿಮ್ಮಿನ ಸುತ್ತಳತೆ ಸುಮಾರು 1.3 ಮೀ. ಬ್ರಾಂಪ್ಟನ್ ಕಂಪನಿಯೇ 44, 50, 54 ಹಲ್ಲುಗಳ ಆಯ್ಕೆ ಕೊಡುತ್ತದೆ. ಮಡಚುವ ಸೈಕಲ್ ಯಾವುದೇ ಇರಲಿ, ದೊಡ್ಡ ರಿಂಗ್ ಹಾಕಿದ ಮೇಲೆ ರಸ್ತೆಗೆ ಇಳಿಸುವ ಮೊದಲು ಒಮ್ಮೆ ಮಡಚಿ ನೋಡಿ. ರಿಂಗು ಫ್ರೇಮಿಗೋ ಇನ್ನೊಂದು ಚಕ್ರಕ್ಕೋ ತಾಗಬಹುದು.

ರಿಂಗ್ ಬದಲು ಹಿಂದಿನ ಕಾಗ್ ಚಿಕ್ಕದು ಮಾಡಿದರೆ ಸಾಲದೇ?

ಗೇರು ಎತ್ತರವಾಗುವುದಷ್ಟೇ ಬೇಕಿದ್ದರೆ ಮೊದಲ ಆಯ್ಕೆ ಅದೇ. ಆದರೆ ಶಿಮಾನೊ ಎಚ್‌ಜಿ ಫ್ರೀಹಬ್ ಬಾಡಿಯ (ಹಿಂದಿನ ಹಬ್‌ನಲ್ಲಿ ಕಾಗ್‌ಗಳು ಕೂರುವ ಭಾಗ) ಮೇಲೆ 11ಕ್ಕಿಂತ ಚಿಕ್ಕ ಕಾಗ್ ಕೂರುವುದಿಲ್ಲ. 10 ಹಲ್ಲಿಗೆ ಸ್ರ್ಯಾಮ್‌ನ ಎಕ್ಸ್‌ಡಿ ಅಥವಾ ಎಕ್ಸ್‌ಡಿಆರ್ ಬಾಡಿ, ಇಲ್ಲವೇ ಶಿಮಾನೊ ಮೈಕ್ರೊ ಸ್ಪ್ಲೈನ್ ಬೇಕು. ಕ್ಯಾಂಪನ್ಯೋಲೊದ ಎಕಾರ್ ಕ್ಯಾಸೆಟ್ (ಕಾಗ್‌ಗಳ ಜೋಡಣೆ) 9ರಿಂದ ಶುರುವಾಗುತ್ತದೆ, ಅದಕ್ಕೆ ಎನ್3ಡಬ್ಲ್ಯು ಬಾಡಿ. ಮಡಚುವ ಸೈಕಲ್‌ಗಳಿಗೆಂದೇ ಶಿಮಾನೊ ತಂದಿದ್ದ ಕ್ಯಾಪ್ರಿಯೊದಲ್ಲಿ 9 ಹಲ್ಲು ಇತ್ತು, ಈಗ ಹೊಸದು ತಯಾರಾಗುವುದಿಲ್ಲ. ನಿಮ್ಮ ಹಬ್‌ಗೆ ಬೇರೆ ಬಾಡಿ ಸಿಗುತ್ತದೆಯೇ ಎಂದು ಹಬ್ ಮಾದರಿಯ ಹೆಸರಿನಿಂದ ಹುಡುಕಿ. ಸಿಗದಿದ್ದರೆ ಚಕ್ರವನ್ನೇ ಬದಲಿಸಬೇಕಾಗುತ್ತದೆ, ಆಗ ದೊಡ್ಡ ರಿಂಗೇ ಅಗ್ಗ.

ಚಿಕ್ಕ ಕಾಗಿಗೂ ತನ್ನದೇ ಕಾಟವಿದೆ. ಕಾಗ್ ನಿಜವಾದ ವೃತ್ತವಲ್ಲ, ಬಹುಭುಜ. ಹಾಗಾಗಿ ಚೈನಿನ ವೇಗ ಪ್ರತಿ ಹಲ್ಲಿಗೂ ಏರಿಳಿಯುತ್ತದೆ: 14 ಹಲ್ಲಿಗೆ 2.5 ಪ್ರತಿಶತ, 11ಕ್ಕೆ 4, 9ಕ್ಕೆ 6. ಒಂಬತ್ತರ ಮೇಲೆ ಪಾದಕ್ಕೆ ಗರಗರ ಎಂಬ ಕಂಪನ ತಿಳಿಯುತ್ತದೆ, ಹಲ್ಲುಗಳೂ ಬೇಗ ಸವೆಯುತ್ತವೆ.

ಬಿಸಿಡಿ ಎಂದರೇನು? ನನ್ನ ಕ್ರ್ಯಾಂಕಿನದು ಎಷ್ಟೆಂದು ತಿಳಿಯುವುದು ಹೇಗೆ?

ರಿಂಗ್ ಹಿಡಿಯುವ ಬೋಲ್ಟ್‌ಗಳ ನಡುಬಿಂದುಗಳ ಮೂಲಕ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಬಿಸಿಡಿ. ರಿಂಗ್ ಹಿಡಿಯಲು ಐದು ತೋಳಿರುವ ಕ್ರ್ಯಾಂಕಿನಲ್ಲಿ ಎದುರು ಬದುರು ಬೋಲ್ಟ್ ಇರುವುದಿಲ್ಲ. ಅದಕ್ಕೇ ಪಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುಬಿಂದುಗಳ ಅಂತರ ಅಳೆಯಿರಿ. 64.7 ಮಿ.ಮೀ. ಬಂದರೆ ಬಿಸಿಡಿ 110. 76.4 ಬಂದರೆ 130. 79.4 ಬಂದರೆ ಕ್ಯಾಂಪನ್ಯೋಲೊದ ಹಳೆಯ 135. 84.6 ಬಂದರೆ ಟ್ರ್ಯಾಕ್ ಸೈಕಲ್‌ಗಳ 144. ಬೋಲ್ಟಿನ ನಡುಬಿಂದು ಹುಡುಕಿ ಅಳೆಯುವುದು ಕಷ್ಟವಾದರೆ, ಒಂದು ಬೋಲ್ಟಿನ ಎಡ ಅಂಚಿನಿಂದ ಪಕ್ಕದ ಬೋಲ್ಟಿನ ಎಡ ಅಂಚಿಗೆ ಅಳೆಯಿರಿ, ಉತ್ತರ ಅದೇ ಬರುತ್ತದೆ.

ನಾಲ್ಕು ತೋಳಿನ ಹೊಸ ಶಿಮಾನೊ ರೋಡ್ ಕ್ರ್ಯಾಂಕ್‌ಗಳ ಬಿಸಿಡಿಯೂ 110. ಆದರೆ ತೋಳುಗಳ ನಡುವಿನ ಕೋನಗಳು ಸಮವಲ್ಲ, ಐದು ತೋಳಿನ 110 ರಿಂಗು ಅದಕ್ಕೆ ಕೂರುವುದಿಲ್ಲ. ಸ್ರ್ಯಾಮ್‌ನ 12 ಸ್ಪೀಡ್ ಡಬಲ್ ಕ್ರ್ಯಾಂಕ್‌ಗಳಲ್ಲಿ 107 ಅಥವಾ ನೇರ ಜೋಡಣೆ. ಆರ್ಡರ್ ಮಾಡುವಾಗ «110» ಎಂದಷ್ಟೇ ಬರೆದರೆ ತಪ್ಪು ರಿಂಗ್ ಬರುವ ಸಾಧ್ಯತೆ ಅರ್ಧಕ್ಕರ್ಧ. ಕ್ರ್ಯಾಂಕಿನ ಒಳಬದಿಯಲ್ಲಿ ಕೊರೆದಿರುವ ಮಾದರಿ ಸಂಖ್ಯೆಯನ್ನೂ ಕೊಡಿ.

ಅತಿ ದೊಡ್ಡ ರಿಂಗಿಗೆ 130 ಅಥವಾ 144 ವಾಸಿ. 60 ಹಲ್ಲಿನ ರಿಂಗಿನಲ್ಲಿ ಬೋಲ್ಟಿನಿಂದ ಹಲ್ಲಿನವರೆಗೆ 130ರಲ್ಲಿ 56 ಮಿ.ಮೀ., 110ರಲ್ಲಿ 66 ಮಿ.ಮೀ. ತಟ್ಟೆ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ. ಆ ಹತ್ತು ಮಿ.ಮೀ. ಎದ್ದು ನಿಂತು ತುಳಿಯುವಾಗ ಬಾಗಾಟವಾಗಿ ಕಾಣುತ್ತದೆ.

ಫ್ರೇಮಿನಲ್ಲಿ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ತಿಳಿಯಬಹುದೇ?

ತಿಳಿಯಬಹುದು, ತಿಳಿಯಲೇಬೇಕು. ನೆನಪಿಡಬೇಕಾದ್ದು ಒಂದೇ ಸಂಖ್ಯೆ: ಒಂದು ಹಲ್ಲು ಹೆಚ್ಚಿದರೆ ತ್ರಿಜ್ಯ 2 ಮಿ.ಮೀ. ಹೆಚ್ಚುತ್ತದೆ. 53ರ ಹೊರ ತ್ರಿಜ್ಯ 111 ಮಿ.ಮೀ., 60ರದ್ದು 125, 70ರದ್ದು 145.

ಅಳೆಯುವ ವಿಧಾನ ಹೀಗಿದೆ. ಬಾಟಮ್ ಬ್ರಾಕೆಟ್ಟಿನ (ಕ್ರ್ಯಾಂಕಿನ ಆಕ್ಸಲ್ ತಿರುಗುವ ಜಾಗ) ನಡುಬಿಂದುವಿನಿಂದ ಬಲಗಡೆಯ ಚೈನ್‌ಸ್ಟೇ ಉದ್ದಕ್ಕೂ, 60 ಹಲ್ಲಿಗಾದರೆ 125 ಮಿ.ಮೀ. ಹಿಂದಕ್ಕೆ ಗುರುತು ಹಾಕಿ. ಆ ಜಾಗದಲ್ಲಿ ಫ್ರೇಮಿನ ಮಧ್ಯರೇಖೆಯಿಂದ ಚೈನ್‌ಸ್ಟೇಯ ಹೊರಮೈ ಎಷ್ಟು ದೂರ ಎಂದು ನೋಡಿ. ಮಧ್ಯರೇಖೆ ಸಿಗದಿದ್ದರೆ ಎರಡೂ ಚೈನ್‌ಸ್ಟೇಗಳ ಹೊರಮೈಗಳ ನಡುವಿನ ಅಗಲ ಅಳೆದು ಅರ್ಧ ಮಾಡಿ. ಆದರೆ ಎರಡೂ ಒಂದೇ ಆಕಾರದಲ್ಲಿರುವ ಫ್ರೇಮಿಗೆ ಮಾತ್ರ ಇದು ನಡೆಯುತ್ತದೆ. ರೋಡ್ ಡಬಲ್ ಕ್ರ್ಯಾಂಕಿನ ಚೈನ್‌ಲೈನ್ (ಮಧ್ಯರೇಖೆಯಿಂದ ಎರಡು ರಿಂಗುಗಳ ನಡುವಿನವರೆಗಿನ ದೂರ) 43.5 ಮಿ.ಮೀ., ಹೊರ ರಿಂಗು ಅದಕ್ಕಿಂತ ಎರಡೂವರೆ ಮಿ.ಮೀ. ಆಚೆ, ಸುಮಾರು 46ರಲ್ಲಿ ಕೂರುತ್ತದೆ. ಚೈನಿನ ಅರ್ಧ ಅಗಲ 3 ಮಿ.ಮೀ., ಬಾಗಾಟಕ್ಕೆ ಬಿಡಬೇಕಾದ ಜಾಗ 3 ಮಿ.ಮೀ. ಅಂದರೆ ಗುರುತಿನ ಜಾಗದಲ್ಲಿ ಚೈನ್‌ಸ್ಟೇ 40 ಮಿ.ಮೀ.ಗಿಂತ ಆಚೆ ಬರಬಾರದು. ಅನುಮಾನವಿದ್ದರೆ 250 ಮಿ.ಮೀ. ವ್ಯಾಸದ ರಟ್ಟು ಕತ್ತರಿಸಿ, ನಡುವೆ ತೂತು ಮಾಡಿ, ಈಗಿರುವ ರಿಂಗಿಗೆ ಟೇಪ್ ಹಚ್ಚಿ ಅಂಟಿಸಿ ತಿರುಗಿಸಿ. ಹತ್ತು ನಿಮಿಷದ ಕೆಲಸ.

ಜಾಗ ಸ್ವಲ್ಪದರಲ್ಲಿ ಸಾಲದಿದ್ದರೆ, ಚೌಕ ತುದಿಯ ಆಕ್ಸಲ್ ಇರುವ ಬಾಟಮ್ ಬ್ರಾಕೆಟ್ಟಿನಲ್ಲಿ ಉದ್ದನೆಯ ಆಕ್ಸಲ್ ಹಾಕಬಹುದು. 110ರ ಬದಲು 113 ಮಿ.ಮೀ. ಹಾಕಿದರೆ ಎರಡೂ ಕಡೆ ಸಮ ಹಂಚಿಕೊಂಡು ರಿಂಗು 1.5 ಮಿ.ಮೀ. ಹೊರಗೆ ಬರುತ್ತದೆ. ಇದಕ್ಕೂ ಮಿತಿಯಿದೆ: ಚೈನ್‌ಲೈನ್ ಹೊರ ಹೋದಷ್ಟೂ ದೊಡ್ಡ ಕಾಗ್‌ಗಳಿಗೆ ಚೈನ್ ಓರೆಯಾಗಿ ಓಡುತ್ತದೆ. ಟೊಳ್ಳು ಆಕ್ಸಲ್ಲಿನ ಹೊಸ ಕ್ರ್ಯಾಂಕ್‌ಗಳಲ್ಲಿ ಈ ಅವಕಾಶ ಇಲ್ಲ.

ನೆಲದ ಅಂತರ ಸಾಮಾನ್ಯವಾಗಿ ತೊಂದರೆ ಕೊಡದು. ಬಾಟಮ್ ಬ್ರಾಕೆಟ್ 270 ಮಿ.ಮೀ. ಎತ್ತರದಲ್ಲಿದ್ದರೆ 60ರ ಕೆಳಗೆ ಇನ್ನೂ 145 ಮಿ.ಮೀ. ಉಳಿಯುತ್ತದೆ. ಸೈಕಲ್ಲನ್ನು ಮೆಟ್ಟಿಲು ಹತ್ತಿಸುವವರು, ಫುಟ್‌ಪಾತ್ ಏರಿಸುವವರು ಮಾತ್ರ ಜೋಪಾನ.

ಸರಿ, ಲೆಕ್ಕ ಎಲ್ಲ ಆಯಿತು. ಈಗ ಹೇಳಿ, ಎಲ್ಲಿ ಸಿಗುತ್ತದೆ?

ಶಿಮಾನೊ ಹತ್ತಿರ ಹುಡುಕಿ ಸುಖವಿಲ್ಲ. ಡ್ಯುರಾ-ಏಸ್ ಆರ್9100ರಲ್ಲಿ 55-42, ಆರ್9200ರಲ್ಲಿ 54-40, ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ಟಿಎ ಮತ್ತು ಸ್ಟ್ರಾಂಗ್‌ಲೈಟ್ ಹಳೆಯ ಐದು ತೋಳಿನ ಅಳತೆಗಳಿಗೆ ಇಂದಿಗೂ ರಿಂಗ್ ಮಾಡುತ್ತವೆ. 144ಕ್ಕೆ ಜಪಾನಿನ ಸುಗಿನೊ. ಮಡಚುವ ಸೈಕಲ್‌ಗಳಿಗೆ ಚೀನಾದ ಲೈಟ್‌ಪ್ರೊ 130 ಬಿಸಿಡಿಯಲ್ಲಿ 58 ಹಲ್ಲಿನವರೆಗೂ ಸಿಗುತ್ತದೆ. ದಾಹೊನ್, ಟರ್ನ್ ಸೈಕಲ್‌ಗಳ ಐದು ತೋಳಿನ ಕ್ರ್ಯಾಂಕ್ ಬಹುಪಾಲು 130 ಆದ್ದರಿಂದ ಅವರಿಗೆ ಇದೇ ಸುಲಭದ ದಾರಿ.

ಬೆಂಗಳೂರಿನ ದೊಡ್ಡ ಸೈಕಲ್ ಅಂಗಡಿಗಳಲ್ಲೂ 54ಕ್ಕಿಂತ ಮೇಲಿನ ರಿಂಗ್ ಕಪಾಟಿನಲ್ಲಿ ಇರುವುದು ಅಪರೂಪ, ತರಿಸಿಕೊಡಲು ಕೇಳಬೇಕು. ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಿಂದ ಭಾರತದಲ್ಲಿ ನಿಷೇಧದಲ್ಲಿದೆ. ವಿದೇಶದಿಂದ ನೇರ ತರಿಸುವುದಾದರೆ ಇನ್‌ವಾಯ್ಸ್‌ನಲ್ಲಿ ಸರಕಿನ ಹೆಸರು ಸೈಕಲ್ಲಿನ ಕ್ರ್ಯಾಂಕ್ ಭಾಗ ಎಂದು ಸ್ಪಷ್ಟವಾಗಿರಲಿ, ಅದಕ್ಕೆ ಕಸ್ಟಮ್ಸ್ ಶೀರ್ಷಿಕೆ 8714 96. ಬರೀ «ಮೆಟಲ್ ಪಾರ್ಟ್» ಎಂದು ಬರೆದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂರುತ್ತದೆ. ಕೊಳ್ಳುವ ಬೆಲೆಗೆ ಸಾಗಣೆ, ಸುಂಕ, ಕೊರಿಯರ್‌ನವರ ನಿರ್ವಹಣಾ ಶುಲ್ಕ ಮೂರನ್ನೂ ಸೇರಿಸಿ ನೋಡಿ. ಹಲವು ಸಲ ಇಲ್ಲೇ ಕತ್ತರಿಸಿ ಮಾಡಿಸುವುದು ಅಗ್ಗವಾಗುತ್ತದೆ.

ಇಲ್ಲೇ ಮಾಡಿಸುವುದು ಹೇಗೆ?

ಪೀಣ್ಯದಲ್ಲಿ ಸಿಎನ್‌ಸಿ, ವಾಟರ್‌ಜೆಟ್ ಯಂತ್ರಗಳ ವರ್ಕ್‌ಶಾಪ್‌ಗಳಿಗೆ ಬರವಿಲ್ಲ. ತೊಡಕಿರುವುದು ನಕ್ಷೆಯಲ್ಲಿ. «ಅರ್ಧ ಇಂಚು ಪಿಚ್ಚಿನ ಸ್ಪ್ರಾಕೆಟ್» ಎಂದಷ್ಟೇ ಹೇಳಿದರೆ ಅವರು ಕಾರ್ಖಾನೆಯ 08ಬಿ ಚೈನಿನ ಲೆಕ್ಕದಲ್ಲಿ ಹಲ್ಲು ತೆಗೆಯುತ್ತಾರೆ. ಅದರ ರೋಲರ್ 8.51 ಮಿ.ಮೀ., ಸೈಕಲ್ ಚೈನಿನದು 7.75. ಪಿಚ್ ಎರಡಕ್ಕೂ 12.7 ಮಿ.ಮೀ. ಆದ್ದರಿಂದ ಚೈನು ಮೇಲ್ನೋಟಕ್ಕೆ ಕೂತಂತೆ ಕಾಣುತ್ತದೆ, ತುಳಿದಾಗ ಹಲ್ಲಿನ ಗುಂಡಿಯಲ್ಲಿ ಹಿಂದೆಮುಂದೆ ಜಾರುತ್ತದೆ.

ಕೊಡಬೇಕಾದ ವಿವರ ಇಷ್ಟು. ಪಿಚ್ 12.7, ರೋಲರ್ 7.75. ಪಿಚ್ ವೃತ್ತದ ವ್ಯಾಸ: 56 ಹಲ್ಲಿಗೆ 226.5 ಮಿ.ಮೀ., 58ಕ್ಕೆ 234.6, 60ಕ್ಕೆ 242.7, 64ಕ್ಕೆ 258.8, 70ಕ್ಕೆ 283.1. ಬೇರೆ ಸಂಖ್ಯೆಗೆ 12.7ನ್ನು, 180 ಡಿಗ್ರಿಯನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸಿ ಬಂದ ಕೋನದ ಸೈನ್‌ನಿಂದ ಭಾಗಿಸಿ. ಬೋಲ್ಟ್ ತೂತು 10 ಮಿ.ಮೀ. ಕ್ರ್ಯಾಂಕಿನ ತೋಳುಗಳ ಮೇಲೆ ರಿಂಗಿನ ಒಳ ಅಂಚು ಕೂರುವ ಮೆಟ್ಟಿಲಿರುತ್ತದೆ. ಅದರ ವ್ಯಾಸವನ್ನು ಹಳೆಯ ರಿಂಗಿನಿಂದ ವರ್ನಿಯರ್‌ನಲ್ಲಿ ಅಳೆದು ಕೊಡಿ. ರಿಂಗನ್ನು ನಡುವಿಗೆ ತರುವುದು ಆ ಮೆಟ್ಟಿಲು, ಬೋಲ್ಟಲ್ಲ. ಅದು ಸಡಿಲವಾದರೆ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ.

ಲೋಹ 7075-ಟಿ6 ಅಲ್ಯುಮಿನಿಯಂ, ದಪ್ಪ 5 ಮಿ.ಮೀ. 6061 ಸುಲಭವಾಗಿ ಸಿಗುತ್ತದೆ, ಆದರೆ ಹಲ್ಲು ಬೇಗ ಸವೆಯುತ್ತದೆ. ಹಲ್ಲಿನ ಭಾಗವನ್ನು ಮಾತ್ರ ಲೇತ್‌ನಲ್ಲಿ ತೆಳು ಮಾಡಬೇಕು: 8 ಸ್ಪೀಡ್‌ವರೆಗಿನ ಚೈನಿನ ಒಳ ಅಗಲ 2.38 ಮಿ.ಮೀ., ಅದಕ್ಕೆ ಹಲ್ಲು 2.15, 9ರಿಂದ ಮೇಲಿನವುಗಳ ಒಳ ಅಗಲ 2.18, ಅದಕ್ಕೆ 1.95. ಹಲ್ಲಿನ ತುದಿಯನ್ನು ಎರಡೂ ಬದಿಯಿಂದ 15 ಡಿಗ್ರಿಯಷ್ಟು ಇಳಿಜಾರು ಮಾಡಿಸಿ, ಇಲ್ಲವಾದರೆ ಓರೆಯಾಗಿ ಬರುವ ಚೈನು ಹಲ್ಲಿನ ನೆತ್ತಿಯ ಮೇಲೆ ಹತ್ತಿ ಕೂರುತ್ತದೆ.

ಅಲ್ಯುಮಿನಿಯಂ ಕತ್ತರಿಸುವ ಮೊದಲು ಅದೇ ಫೈಲಿನಿಂದ 3 ಮಿ.ಮೀ. ಅಕ್ರಿಲಿಕ್ ಹಾಳೆಯಲ್ಲಿ ಒಂದು ಮಾದರಿ ಕತ್ತರಿಸಿಕೊಡಲು ಕೇಳಿ. ಚೈನಿನ ಒಳ ಅಗಲಕ್ಕೆ ಅದು ದಪ್ಪವಾದರೂ, ತುದಿ ಉಜ್ಜಿ ತೆಳು ಮಾಡಿ ಹೊಸ ಚೈನನ್ನು ಸುತ್ತಲೂ ಸುತ್ತಿ ನೋಡಬಹುದು. ಹದಿನೈದು ಇಪ್ಪತ್ತು ಹಲ್ಲು ದಾಟಿದ ಮೇಲೆ ಚೈನ್ ಮೇಲೆದ್ದರೆ ವ್ಯಾಸ ತಪ್ಪಾಗಿದೆ ಎಂದರ್ಥ. ಬೋಲ್ಟ್ ತೂತುಗಳು ಹೊಂದುತ್ತವೆಯೇ ಎಂಬುದೂ ಇದರಲ್ಲೇ ಗೊತ್ತಾಗುತ್ತದೆ.

ಹೀಗೆ ಮಾಡಿಸಿದ ರಿಂಗಿನಲ್ಲಿ ಗೇರು ಬದಲಿಸಲು ನೆರವಾಗುವ ಮೆಟ್ಟಿಲು, ಪಿನ್ನುಗಳು ಇರುವುದಿಲ್ಲ. ಒಂದೇ ರಿಂಗಿನ ಸೈಕಲ್‌ಗೆ ಮಾತ್ರ ಇದು ಸರಿ.

ಹಳೆಯ ಚೈನನ್ನೇ ಉಳಿಸಿಕೊಳ್ಳಬಹುದೇ?

ಉದ್ದ ಸಾಲದು. ಬೇಕಾದ ಕೊಂಡಿಗಳ ಲೆಕ್ಕ: ಚೈನ್‌ಸ್ಟೇ ಉದ್ದವನ್ನು ಮಿ.ಮೀ.ನಲ್ಲಿ ಎರಡರಿಂದ ಗುಣಿಸಿ 12.7ರಿಂದ ಭಾಗಿಸಿ, ಅದಕ್ಕೆ ರಿಂಗಿನ ಹಲ್ಲಿನ ಅರ್ಧ, ಅತಿ ದೊಡ್ಡ ಕಾಗಿನ ಹಲ್ಲಿನ ಅರ್ಧ, ಮತ್ತು 2 ಸೇರಿಸಿ, ಮುಂದಿನ ಸಮಸಂಖ್ಯೆಗೆ ಏರಿಸಿ. 410 ಮಿ.ಮೀ. ಚೈನ್‌ಸ್ಟೇ, 28ರ ಕಾಗ್ ಇದ್ದರೆ 53ಕ್ಕೆ 108 ಕೊಂಡಿ, 60ಕ್ಕೆ 112. ಪೆಟ್ಟಿಗೆಯಲ್ಲಿ ಬರುವ 116 ಕೊಂಡಿಯ ಚೈನ್ ಸಾಕಾಗುತ್ತದೆ.

ಹಳೆಯ ಚೈನಿಗೆ ನಾಲ್ಕು ಕೊಂಡಿ ಸೇರಿಸಿ ಹೊಸ ರಿಂಗಿಗೆ ಹಾಕುವುದು ಸುಳ್ಳು ಉಳಿತಾಯ. ಹಿಗ್ಗಿದ ಚೈನು ಹೊಸ ಹಲ್ಲುಗಳನ್ನು ತಿಂದುಹಾಕುತ್ತದೆ. ಇನ್ನು ಉದ್ದ ಸಾಲದ ಚೈನನ್ನು ಹಾಗೇ ಬಿಟ್ಟು, ಮರೆತು ದೊಡ್ಡ ಕಾಗಿಗೆ ಏರಿಸಿದರೆ ಹಿಂದಿನ ಡಿರೇಲರ್ (ಚೈನನ್ನು ಸರಿಸಿ ಗೇರು ಬದಲಿಸುವ ಸಾಧನ) ಮುಂದಕ್ಕೆ ಸೆಳೆದು, ಅದನ್ನು ಹಿಡಿದ ಹ್ಯಾಂಗರ್ ಮುರಿಯುತ್ತದೆ. ಸ್ಟ್ಯಾಂಡಿನ ಮೇಲಿರುವಾಗಲೇ ದೊಡ್ಡ ರಿಂಗು-ದೊಡ್ಡ ಕಾಗ್ ಜೋಡಿಗೆ ಕೈಯಿಂದ ತಿರುಗಿಸಿ ನೋಡಿ.

ಮುಂದಿನ ಡಿರೇಲರ್ ಕೆಲಸ ಮಾಡುತ್ತದೆಯೇ?

56ರವರೆಗೆ ಹೇಗೋ ಒಗ್ಗಿಸಬಹುದು. ಅದರ ಮೇಲೆ ಜಗಳ ಶುರು. ಚೈನನ್ನು ತಳ್ಳುವ ಪಂಜರದ ಕೆಳಅಂಚಿಗೂ ಹಲ್ಲಿಗೂ 1ರಿಂದ 3 ಮಿ.ಮೀ. ಅಂತರ ಇರಬೇಕು. 53ರಿಂದ 60ಕ್ಕೆ ಹೋದರೆ ಡಿರೇಲರನ್ನು 14 ಮಿ.ಮೀ. ಮೇಲಕ್ಕೆ ಎತ್ತಬೇಕು. ಫ್ರೇಮಿಗೆ ಬೆಸೆದ ಹ್ಯಾಂಗರಿನ ಸೀಳಿನಲ್ಲಿ ಅಷ್ಟು ಜಾಗ ಇರದಿರಬಹುದು. ಕೊಳವೆಗೆ ಸುತ್ತಿ ಹಿಡಿಯುವ ಕ್ಲ್ಯಾಂಪ್ ಮಾದರಿಗೆ ಆ ತೊಂದರೆ ಇಲ್ಲ. ಎತ್ತಿದ ಮೇಲೂ ಪಂಜರದ ಬಾಗು 50-55 ಹಲ್ಲಿನ ರಿಂಗಿಗೆ ಮಾಡಿದ್ದು. ದೊಡ್ಡ ರಿಂಗಿನ ಬಾಗು ಚಪ್ಪಟೆ, ಹಾಗಾಗಿ ಪಂಜರದ ತುದಿಗಳು ಮೊದಲು ಹಲ್ಲಿಗೆ ತಾಗುತ್ತವೆ. ತಾಗದಂತೆ ಮತ್ತಷ್ಟು ಎತ್ತಿದರೆ ನಡುವೆ ಅಂತರ ಹೆಚ್ಚಿ ಚೈನ್ ಹತ್ತಲು ತಡಮಾಡುತ್ತದೆ.

ಎರಡು ರಿಂಗುಗಳ ವ್ಯತ್ಯಾಸ 16 ಹಲ್ಲಿನೊಳಗೆ ಇರಲಿ. 60ರ ಜೊತೆ 44 ಹಾಕಬೇಕಾಗುತ್ತದೆ, 39 ಹಾಕಿದರೆ ಇಳಿಸುವಾಗ ಚೈನ್ ಬಾಟಮ್ ಬ್ರಾಕೆಟ್ ಮೇಲೆ ಬೀಳುತ್ತದೆ. 44ರಲ್ಲಿ ಬೆಟ್ಟ ಹತ್ತುವುದು ಹೇಗೆ ಎಂಬ ಪ್ರಶ್ನೆ ಅಲ್ಲೇ ಎದುರಾಗುತ್ತದೆ. 58ರಿಂದ ಮೇಲೆ ಡಿರೇಲರ್ ತೆಗೆದು ಒಂದೇ ರಿಂಗ್ ಇಟ್ಟುಕೊಂಡು, ಹಿಂದೆ ಅಗಲ ವ್ಯಾಪ್ತಿಯ ಕ್ಯಾಸೆಟ್ ಹಾಕುವುದು ನೆಮ್ಮದಿ.

ಒಂದೇ ರಿಂಗ್ ಹಾಕಿದರೆ ಚೈನ್ ಬೀಳುವುದಿಲ್ಲವೇ?

ದಪ್ಪ-ತೆಳು ಹಲ್ಲುಗಳು ಒಂದಾದ ಮೇಲೊಂದು ಬರುವ ರಿಂಗು ತೆಗೆದುಕೊಳ್ಳಿ, ಜೊತೆಗೆ ಚೈನ್ ಕೀಪರ್ (ಚೈನ್ ಜಾರದಂತೆ ತಡೆಯುವ ಭಾಗ) ಹಾಕಿ. ಈ ಬಗೆಯ ರಿಂಗು ಸಮಸಂಖ್ಯೆಯಲ್ಲಿ ಮಾತ್ರ ಇರಲು ಸಾಧ್ಯ. 57 ಹಲ್ಲಿನ ದಪ್ಪ-ತೆಳು ರಿಂಗ್ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ಬೋಲ್ಟ್ ಬಿಗಿ ಇದ್ದರೂ ರಿಂಗು ಅಲುಗಾಡುತ್ತದೆ, ಕಟಕಟ ಸದ್ದು ಬರುತ್ತದೆ.

ಎರಡು ರಿಂಗಿಗೆಂದು ಇದ್ದ ಉದ್ದ ಬೋಲ್ಟ್‌ಗಳನ್ನು ಒಂದೇ ರಿಂಗಿಗೆ ಬಳಸಿದ್ದೀರಿ. ಬೋಲ್ಟಿನ ಕೊಳವೆ ತಳಮುಟ್ಟಿ ಬಿಗಿಯಾಗುತ್ತದೆ, ರಿಂಗು ಬಿಗಿಯಾಗುವುದಿಲ್ಲ. ಸಿಂಗಲ್ ಬೋಲ್ಟ್ ಹಾಕಿ, ಇಲ್ಲವೇ ಒಳರಿಂಗಿನ ದಪ್ಪದ ವಾಷರ್ ಕೊಡಿ. ಎಳೆಗಳಿಗೆ ಗ್ರೀಸ್ ಸವರಿ, ನಕ್ಷತ್ರದ ಕ್ರಮದಲ್ಲಿ ಬಿಗಿಮಾಡಿ. ನಾಲ್ಕು ತೋಳಿನ ಶಿಮಾನೊ ರೋಡ್ ಕ್ರ್ಯಾಂಕಿಗೆ 12ರಿಂದ 14 ನ್ಯೂಟನ್-ಮೀಟರ್. ಅಲ್ಯುಮಿನಿಯಂ ಬೋಲ್ಟಿಗೆ ಅಷ್ಟು ಕೊಟ್ಟರೆ ತಲೆ ಹಾರುತ್ತದೆ, ಅದರ ತಯಾರಕರು ಹೇಳಿದಷ್ಟೇ ಕೊಡಿ. ನೂರು ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಬೋಲ್ಟ್ ಸರಿಯಿದ್ದೂ ತಟ್ಟೆ ಎಡಬಲ ಓಲಾಡಿದರೆ, ರಿಂಗನ್ನು ಒಂದು ತೂತು ತಿರುಗಿಸಿ ಹಾಕಿ. ಓಲಾಟ ರಿಂಗಿನ ಜೊತೆ ತಿರುಗಿದರೆ ರಿಂಗು ಬಾಗಿದೆ, ನಿಂತಲ್ಲೇ ನಿಂತರೆ ಕ್ರ್ಯಾಂಕಿನ ತೋಳು ಬಾಗಿದೆ. ಅರ್ಧ ಮಿ.ಮೀ. ಒಳಗಿನ ಓಲಾಟವನ್ನು ಮರೆತುಬಿಡಿ.

ದೊಡ್ಡ ರಿಂಗೇ ಇಲ್ಲದೆ ಎತ್ತರದ ಗೇರು ಪಡೆಯುವ ದಾರಿ ಇದೆಯೇ?

ಇದೆ. ಶ್ಲುಂಪ್ಫ್ ಸ್ಪೀಡ್-ಡ್ರೈವ್ ಬಾಟಮ್ ಬ್ರಾಕೆಟ್ಟಿನಲ್ಲೇ ಕೂರುವ ಗ್ರಹಗೇರು, 1.65 ಪಟ್ಟು ಏರಿಸುತ್ತದೆ. 34 ಹಲ್ಲಿನ ರಿಂಗು 56ರಂತೆ ನಡೆದುಕೊಳ್ಳುತ್ತದೆ. ಅದೇ ತಯಾರಕರ ಹೈ-ಸ್ಪೀಡ್-ಡ್ರೈವ್ 2.5 ಪಟ್ಟು. ಚೈನ್‌ಸ್ಟೇ ತಾಗುವ ತಲೆನೋವೇ ಇಲ್ಲ, ಹಿಮ್ಮಡಿಯಿಂದ ಗುಂಡಿ ಒತ್ತಿ ಬದಲಿಸಬಹುದು. ಬೆಲೆ ಮಾತ್ರ ಒಂದು ಒಳ್ಳೆಯ ಸೈಕಲ್ಲಿನಷ್ಟು.

ಅಗ್ಗದ ದಾರಿ ಸ್ಟರ್ಮಿ-ಆರ್ಚರ್ ಮೂರು ಸ್ಪೀಡ್ ಹಬ್. ಅದರ ಮೇಲಿನ ಗೇರು 1.33 ಪಟ್ಟು, 52ರ ರಿಂಗು 69ರಂತಾಗುತ್ತದೆ. 20 ಇಂಚಿನ ಚಕ್ರದಲ್ಲಿ ಹಿಂದೆ 13 ಹಲ್ಲು ಇಟ್ಟರೂ 8 ಮೀ. ದಾಟುತ್ತದೆ.

ಇನ್ನೂ ಎತ್ತರ, ದಾಖಲೆ ಮಾಡುವಷ್ಟು?

1962ರಲ್ಲಿ ಫ್ರಾನ್ಸಿನ ಜೋಸೆ ಮೆಫ್ರೆ ಜರ್ಮನಿಯ ಫ್ರೈಬುರ್ಗ್ ಬಳಿಯ ಹೆದ್ದಾರಿಯಲ್ಲಿ ಕಾರಿನ ಹಿಂದೆ ಗಂಟೆಗೆ 204 ಕಿ.ಮೀ. ದಾಟಿದ್ದು 130 ಹಲ್ಲಿನ ಒಂದೇ ರಿಂಗಿನಿಂದ. ಅದರ ವ್ಯಾಸ ಅರ್ಧ ಮೀಟರ್ ಮೀರುತ್ತದೆ. ಆಮೇಲಿನವರು ಅಷ್ಟು ದೊಡ್ಡ ತಟ್ಟೆ ಬಿಟ್ಟು ಎರಡು ಹಂತದ ಚೈನಿಗೆ ಬಂದರು. 2018ರಲ್ಲಿ ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ ಡೆನಿಸ್ ಮುಲ್ಲರ್-ಕೋರೆನೆಕ್ 296 ಕಿ.ಮೀ. ಮುಟ್ಟಿದ ಸೈಕಲ್ಲಿನದೂ ಎರಡು ಹಂತ. ಅಂಥ ಗೇರನ್ನು ನಿಂತಲ್ಲಿಂದ ತುಳಿಯಲಾಗದು, ಮುಂದಿನ ಕಾರೇ ಅವರನ್ನು ಎಳೆದು ವೇಗಕ್ಕೆ ತಂದು ಬಿಟ್ಟಿತು.

ಎರಡು ಹಂತ ಮಾಡುವುದು ಹೀಗೆ: ಕ್ರ್ಯಾಂಕಿನ 48ರಿಂದ ನಡುದಂಡದ 24ಕ್ಕೆ ಒಂದು ಚೈನ್, ಅದೇ ದಂಡದ ಇನ್ನೊಂದು ತುದಿಯ 53ರಿಂದ ಹಿಂದಿನ 17ಕ್ಕೆ ಮತ್ತೊಂದು. ಒಟ್ಟು 6.24. 700×25 ಚಕ್ರಕ್ಕೆ 13.1 ಮೀ. ಅಂಗಡಿಯ ಸಾಮಾನ್ಯ ಭಾಗಗಳೇ ಸಾಕು, ಆದರೆ ಎರಡೂ ಚೈನುಗಳಿಗೆ ಬೇರೆ ಬೇರೆ ಬಿಗಿ ಹೊಂದಿಕೆ ಬೇಕು, ಮತ್ತು ಪ್ರತಿ ಹಂತವೂ ಎರಡು ಮೂರು ಪ್ರತಿಶತ ಶಕ್ತಿ ತಿನ್ನುತ್ತದೆ.

ಸ್ಪರ್ಧೆಗಳಲ್ಲಿ ಮಿತಿ ಇದೆಯೇ?

ಜೂನಿಯರ್‌ಗಳಿಗೆ ಇದ್ದ, ಒಂದು ಸುತ್ತಿಗೆ 7.93 ಮೀಟರಿನ ಮಿತಿಯನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2023ರ ಜನವರಿಯಿಂದ ತೆಗೆದುಹಾಕಿತು. 2025ರಲ್ಲಿ ಚೀನಾದ ಟೂರ್ ಆಫ್ ಗ್ವಾಂಗ್ಸಿಯಲ್ಲಿ ವೃತ್ತಿಪರರಿಗೆ 54×11ಕ್ಕೆ ಸಮನಾದ 10.46 ಮೀಟರಿನ ಮಿತಿಯನ್ನು ಪರೀಕ್ಷಿಸಲು ಹೊರಟಿತ್ತು. 10 ಹಲ್ಲಿನ ಕಾಗ್ ಮಾರುವ ಸ್ರ್ಯಾಮ್ ದೂರು ಕೊಟ್ಟಿತು, ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರ ತಡೆ ಹಾಕಿತು. ನಿಮ್ಮ ಸ್ಪರ್ಧೆಯ ತಾಂತ್ರಿಕ ಕೈಪಿಡಿ ಏನು ಹೇಳುತ್ತದೆ ಎಂದು ಹೆಸರು ಕೊಡುವಾಗಲೇ ಓದಿಕೊಳ್ಳಿ.

ಮಂಡಿ ನೋವು ಬರುತ್ತದೆಯೇ?

ರಿಂಗಿನಿಂದ ಬರುವುದಿಲ್ಲ, ಭಾರದ ಗೇರಿನಲ್ಲಿ 60ರ ಕೇಡೆನ್ಸ್‌ಗೆ ಇಳಿದು ಒದ್ದಾಡಿದರೆ ಬರುತ್ತದೆ. ಸಿಗ್ನಲ್ ಬಳಿ ನಿಲ್ಲುವ ಮೊದಲೇ ದೊಡ್ಡ ಕಾಗಿಗೆ ಇಳಿಸಿಕೊಳ್ಳಿ.

ನನ್ನದು ಹಳೆಯ ಕಾಟರ್ ಪಿನ್ ಸೈಕಲ್. ಇದಕ್ಕೆ ದೊಡ್ಡ ಚೈನ್‌ವೀಲ್ ಹಾಕಬಹುದೇ?

ಹಾಕುವ ಅಗತ್ಯವಿಲ್ಲ. ಇವುಗಳಲ್ಲಿ ಬಲಗಡೆಯ ಕ್ರ್ಯಾಂಕು ಮತ್ತು ಚೈನ್‌ವೀಲ್ ಒಂದಕ್ಕೊಂದು ಬೆಸೆದಿರುತ್ತವೆ, ತಟ್ಟೆ ಮಾತ್ರ ಬದಲಿಸಲು ಬರುವುದಿಲ್ಲ. 28×1½ ಚಕ್ರದಲ್ಲಿ 48×18 ಎಂದರೆ 6 ಮೀ., 90ರ ಕೇಡೆನ್ಸ್‌ಗೆ 32.6 ಕಿ.ಮೀ. ಹಿಂದಿನ 18ರ ಫ್ರೀವೀಲ್ ಬಿಚ್ಚಿ 16ರದ್ದು ಹಾಕಿಸಿದರೆ 6.8 ಮೀ., 36.7 ಕಿ.ಮೀ. ಯಾವ ಊರಿನ ಸೈಕಲ್ ಶಾಪಿನಲ್ಲೂ ಆಗುವ ಕೆಲಸ. ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಿದರೆ ಮುಗಿಯಿತು, ಸಡಿಲ ಉಳಿದರೆ ಒಂದು ಜೊತೆ ಕೊಂಡಿ ತೆಗೆಸಿ. 16ಕ್ಕಿಂತ ಕೆಳಗೆ ಹೋಗಬೇಡಿ. ಉಕ್ಕಿನ ರಿಮ್ಮಿನ ಮೇಲೆ ರಾಡ್ ಬ್ರೇಕ್ ಮಳೆಯಲ್ಲಿ ಸರಿಯಾಗಿ ಹಿಡಿಯುವುದಿಲ್ಲ.